ಗಣಿತದ ಸರ್ ಹೊಲಿದ ಕೌದಿ

ಗಣಿತದ ಸರ್ ಅವರ ಬಲಗೈ ತೋರುಬೆರಳಿಗೆ ಸೈಕಲ್ ಟ್ಯೂಬಿನ ಕಪ್ಪು ರಬ್ಬರಿನ ತುಂಡೊಂದು ಉಂಗುರದ ಹಾಗೆ ಬಿಗಿದುಕೊಂಡಿತ್ತು. ಹೆಬ್ಬೆರಳಿನ ತುದಿಯಲ್ಲಿ ಐದಾರು ಕೆಂಪು ಚುಕ್ಕೆಗಳು. ಬಸವನ ಬಾಗೇವಾಡಿಯ ಆಸ್ಪತ್ರೆಯಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ದಿನವಿಡೀ ನನಗೆ ಕಾಣುವುದು ಕಿಟಕಿಯ ಕಂಡಿಯಿಂದ ಒಳಗೆ ಬರುವ ಕೈಗಳು ಮಾತ್ರ. ಆ ಕೈ ಯಾರದೆಂದು ಮುಖ ನೋಡುವ ಮೊದಲೇ ಗೊತ್ತಾಯಿತು. ಹೈಸ್ಕೂಲಿನ ಮೂರು ವರ್ಷ ನನ್ನ ಕಿವಿ ಹಿಂಡಿದ ಕೈ ಅದು.

"ಯಾರಿಗ್ರಿ ಸರ್ ಚೀಟಿ?" ಎಂದೆ.

"ಮನ್ಯಾಗಿನವರಿಗೆ. ಲಕ್ವಾ ಹೊಡದೈತಿ. ಕೈಕಾಲು ಆಡಸೋ ಡಾಕ್ಟರ ಕಡೆ ಬರದು ಕೊಡು."

"ನಿಮ್ಮ ಬೆರಳಿಗೇನಾಗೇತ್ರಿ?"

ಕೇಳಿದ್ದೇ ತಡ, ಕೈ ಹಿಂದಕ್ಕೆ ಹೋಯಿತು. "ಏನೂ ಆಗಿಲ್ಲ. ಹಿಂದ ಪಾಳಿ ಹಚ್ಚ್ಯಾರ, ನೀ ಬರಿ" ಎಂದರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ದನಿ ಮಾತ್ರ ಹಾಗೇ ಇತ್ತು.

ಅವರ ಸ್ವಭಾವ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ತಪ್ಪು ಎಂಬುದನ್ನು ಅವರ ಕಣ್ಣು ಸಹಿಸುತ್ತಿರಲಿಲ್ಲ. ಹೋಟೆಲಿನ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಚಹಾ ತಣ್ಣಗಾದರೂ ಸರಿ, ಕುರ್ಚಿ ಹತ್ತಿ ಮುಳ್ಳು ತಿರುಗಿಸಿ ಇಳಿಯುತ್ತಿದ್ದರು. ಮದುವೆ ಕಾರ್ಡಿನಲ್ಲಿ ವಾರಕ್ಕೂ ತಾರೀಖಿಗೂ ತಾಳೆಯಾಗದಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ, ಮದುವೆಗೆ ಹೋದಾಗ ಹುಡುಗಿಯ ಅಪ್ಪನ ಕೈಗೇ ಕೊಡುತ್ತಿದ್ದರು. ತರಗತಿಯಲ್ಲಿ ಲೆಕ್ಕದ ನಡುವೆ ಒಂದು ಹಂತ ಬಿಟ್ಟು ಉತ್ತರ ಬರೆದವರಿಗೆ ಅವರ ಒಂದೇ ಮಾತು: "ಪಾವಟಿಗಿ ಬಿಟ್ಟು ಅಟ್ಟ ಏರಬ್ಯಾಡ್ರೋ." ಉತ್ತರ ಸರಿಯಿದ್ದರೂ ಸೊನ್ನೆ. ಮುದ್ದೇಬಿಹಾಳದ ಕಡೆಯ ಮನುಷ್ಯ. ಸಿಟ್ಟು ಬಂದರೆ ಮಾತು ಕಡ್ಡಿ ಮುರಿದ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನಾನೂ ಅವರ ವಿಷಯದಲ್ಲಿ ಹಾಗೇ ತಿಳಿದಿದ್ದೆ.

ನನಗೆ ಅವರ ಮೇಲೆ ಹಳೆಯ ಸಿಟ್ಟೊಂದಿತ್ತು. ನಾನು ಇಂಗಳೇಶ್ವರದಿಂದ ದಿನಾ ಬಸ್ಸಿನಲ್ಲಿ ಬಾಗೇವಾಡಿಯ ಶಾಲೆಗೆ ಬರುತ್ತಿದ್ದೆ. ಮನೆಯಲ್ಲಿ ಅಜ್ಜಿಯ ಹತ್ತಿರ ಕಸೂತಿ ಕಲಿಯುತ್ತಿದ್ದ ಕಾಲ. ಗ್ರಾಫ್ ಪುಸ್ತಕ ಕೈಗೆ ಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ, ಯಾಕೆಂದರೆ ಅದರ ಚೌಕದ ಮನೆಗಳು ಥೇಟು ಸೀರೆಯ ಎಳೆಗಳಂತೆ ಇದ್ದವು. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಲೆಕ್ಕ ಬಿಟ್ಟು ಆ ಹಾಳೆಯ ತುಂಬ ಅಂಬಾರಿ ಹೊತ್ತ ಆನೆಯೊಂದನ್ನು ಮನೆ ಎಣಿಸಿ ಎಣಿಸಿ ಬರೆದೆ. ಸರ್ ಪುಸ್ತಕ ಕಿತ್ತುಕೊಂಡು ತರಗತಿಗೆಲ್ಲ ಎತ್ತಿ ತೋರಿಸಿದರು. "ನೋಡ್ರೆಪಾ, ಇಕಿ ಲೆಕ್ಕಕ್ಕ ಆನಿ ಉತ್ತರ ಬಂದೈತಿ!" ನಲವತ್ತು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನಗ ಲೆಕ್ಕ ಬರಂಗಿಲ್ಲ. ಸೂಜಿ ಹಿಡಕೊಂಡು ಮನ್ಯಾಗ ಕುಂದ್ರು" ಎಂದರು.

ಅವರ ಮೇಲಿನ ಸಿಟ್ಟಿಗೆ ನಾನು ಸೂಜಿಯನ್ನೇ ಬಿಟ್ಟೆ. ಅಜ್ಜಿ ಕರೆದರೆ ಓದುವುದಿದೆ ಎನ್ನುತ್ತಿದ್ದೆ. ಲೆಕ್ಕವೂ ಬರಲಿಲ್ಲ, ಹೊಲಿಗೆಯೂ ಉಳಿಯಲಿಲ್ಲ. ಹೇಗೋ ಪಿಯುಸಿ ಮುಗಿಸಿ, ಮದುವೆಯಾಗಿ, ಈ ಕಿಟಕಿಯ ಹಿಂದೆ ಬಂದು ಕುಳಿತೆ. ಹೆಸರು, ವಯಸ್ಸು, ಊರು ಎಂದು ಬರೆದು ಬರೆದು ನನ್ನ ಬೆರಳುಗಳಿಗೆ ಬೇರೇನಾದರೂ ಬರುತ್ತಿತ್ತು ಎಂಬುದೇ ಮರೆತುಹೋಗಿತ್ತು.

ಆದರೆ ಸೂಜಿ ಜಾರದಿರಲೆಂದು ರಬ್ಬರು ಸುತ್ತಿಕೊಳ್ಳುತ್ತಿದ್ದ ಅಜ್ಜಿಯ ಬೆರಳು ನೋಡಿ ಬೆಳೆದವಳು ನಾನು. ಮುಂದಿನ ವಾರ ಸರ್ ಮತ್ತೆ ಚೀಟಿಗೆ ಬಂದಾಗ ಮೆಲ್ಲಗೆ ಕೇಳಿದೆ. "ಕೌದಿ ಸೂಜಿ ಚುಚ್ಚೈತಿ, ಹೌದಲ್ರಿ ಸರ್?"

ಅವರು ಹಿಂದೆ ಮುಂದೆ ನೋಡಿದರು. ಕಳವಿನ ಮಾಲಿನೊಂದಿಗೆ ಸಿಕ್ಕಿಬಿದ್ದವರ ಮುಖ. "ಸಂಜಿಮುಂದ ಮನಿಗೆ ಬಂದ್ಹೋಗು. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು.

ಹೋಗಬಾರದು ಅಂದುಕೊಂಡೇ ಹೋದೆ. ಊರವರೆಲ್ಲ ಕಾಕು ಎಂದು ಕರೆಯುವ ಅವರ ಹೆಂಡತಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಲಮೇಲದ ತವರಿನಿಂದ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಕೈಚಳಕ ತಂದಿದ್ದ ಹೆಂಗಸು. ಈ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವರು ಹೊಲಿದ ಕೌದಿಯ ಮೇಲೇ ಮಗ್ಗುಲಾಗಿದ್ದವು. ಲಕ್ವಾ ಹೊಡೆದು ಎರಡು ತಿಂಗಳು. ಬಲಗೈ ಬಿದ್ದಿತ್ತು. ನಾಲಿಗೆ ಪೂರ್ತಿ ಹೋಗಿಲ್ಲ, ಪ್ರಯತ್ನಪಟ್ಟರೆ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಪ್ರಯತ್ನ ಮಾಡುವ ಮನಸ್ಸು ಕಾಕುವಿಗೆ ಇರಲಿಲ್ಲ. ಬಿದ್ದ ಕೈಗೆ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಿಂದ ಅಂಗಳಕ್ಕೆ ಎಸೆದಿದ್ದರು. ಇಂಡಿ ಊರಿನಲ್ಲಿರುವ ಮಗಳು ಹದಿನೈದು ದಿನ ಇದ್ದು, ಬೇಡಿಕೊಂಡು, ಅತ್ತು ಹೋಗಿದ್ದಳು. ಆಕೆಗೂ ಒಂದು ಮಾತು ಸಿಕ್ಕಿರಲಿಲ್ಲ.

"ಹಿಂಗ ಬಿಟ್ರ ಅಕಿ ಗ್ವಾಡಿ ನೋಡ್ಕೋತನ ಹೋಗಿಬಿಡ್ತಾಳವಾ" ಎಂದರು ಸರ್. ಅವರ ದನಿ ಹಾಗೆ ಒಡೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಊರಿಗೆಲ್ಲಾ ಹೊಲದು ಕೊಟ್ಲು. ನಮ್ಮಿಬ್ಬರಿಗಂತ ಇದೊಂದು ಚಾಲೂ ಮಾಡಿದ್ಲು. ಇದನ್ನ ಮುಗಿಸಿ ಅಕಿಗೆ ಹೊದಿಸಿದ್ರ ಅಕಿ ಹೊಳ್ಳಿ ನೋಡಬಹುದು ಅಂತ..."

ಮೂಲೆಯಲ್ಲಿ ಅರೆಬರೆಯಾಗಿದ್ದ ಕೌದಿಯನ್ನು ಹಾಸಿ ತೋರಿಸಿದರು. ಮೇಲೆ ಕಾಕುವಿನ ಇಳಕಲ್ ಸೀರೆಗಳ ತುಂಡು, ನಡುನಡುವೆ ಸರ್ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಶರ್ಟುಗಳ ತುಂಡು, ಒಂದರ ಮೇಲೆ ಕೆಂಪು ಶಾಯಿಯ ಕಲೆ. ಅಂಚಿನ ಸುತ್ತ ಕಾಕು ಹಾಕಿದ್ದ ನಾಲ್ಕೈದು ಸಾಲು ಮುತ್ತು ಪೋಣಿಸಿದಂತಿದ್ದವು. ಆಮೇಲೆ ಶುರುವಾಗಿತ್ತು ನಮ್ಮ ಸರ್ ಅವರ ಕೆಲಸ. ಸ್ಕೇಲ್ ಇಟ್ಟು, ಸೀಮೆಸುಣ್ಣದಲ್ಲಿ ಪಟ್ಟಿ ಪುಸ್ತಕದ ಹಾಗೆ ಮೇಲಿಂದ ಕೆಳಗೆ ಗೆರೆ ಎಳೆದು, ಗೆರೆಯ ಮೇಲೇ ಹೊಲಿದಿದ್ದರು. ಗೆರೆಯೇನೋ ನೆಟ್ಟಗೇ ಇತ್ತು. ಕೌದಿ ಮಾತ್ರ ಒಂದು ಕಡೆಗೆ ಓಡಿ ಗುಡ್ಡೆಯಾಗಿ ಉಬ್ಬಿಕೊಂಡಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾದಿದ್ದ ನಗು ಅದು. "ಸರ್, ಕೌದಿ ಹಿಂಗ ಹೊಲಿಯಂಗಿಲ್ರಿ. ನಾಕೂ ಅಂಚಿನಿಂದ ಸುತ್ತು ಹಾಕ್ಕೋತ ನಡುವಿಗೆ ಬರಬೇಕ್ರಿ."

"ಯಾಕ?"

"ಎಲ್ಲಾರೂ ಹಂಗ ಹೊಲಿತಾರ್ರಿ."

"ಎಲ್ಲಾರೂ ಮಾಡ್ತಾರ ಅಂದ್ರ ಉತ್ತರ ಅಲ್ಲ. ಯಾಕ ಅಂತ ಹೇಳು."

ಆಗ ನಾನು ಮತ್ತೆ ಒಂಬತ್ತನೇ ತರಗತಿಯವಳಾದೆ. ಕೊನೆಗೆ ಎರಡು ಟವೆಲ್ಲು ಒಂದರ ಮೇಲೊಂದು ಹಾಸಿ ಕೈಯಿಂದ ಸವರಿ ತೋರಿಸಿದೆ. ಒಂದೇ ದಿಕ್ಕಿಗೆ ಸವರಿದರೆ ಮೇಲಿನದು ಜಾರುತ್ತದೆ. ಸುತ್ತಲಿಂದ ಸವರುತ್ತ ಬಂದರೆ ನಡುವೆಯೇ ನಿಲ್ಲುತ್ತದೆ. ಸರ್ ಬಗ್ಗಿ ಮೂರು ಸಲ ತಾವೇ ಸವರಿ ನೋಡಿದರು. "ಖರೆ" ಎಂದರು. ಅಷ್ಟೇ. ಅವತ್ತೇ ತಮ್ಮ ಹದಿನೆಂಟು ಸಾಲು ಬಿಚ್ಚಿ ಹಾಕಿದರು.

ಅಂದಿನಿಂದ ಪ್ರತಿ ರವಿವಾರ ಅವರು ನನ್ನ ವಿದ್ಯಾರ್ಥಿ. ಒಮ್ಮೆ ಕೌದಿಯ ಮೂಲೆಯ ಸೀರೆ ತುಂಡಿನ ಮೇಲೆ ಸುಮ್ಮನೆ ಸಣ್ಣದೊಂದು ಕಸೂತಿ ಎಳೆಯತೊಡಗಿದ್ದೆ. ಎಷ್ಟೋ ವರ್ಷದ ಮೇಲೆ. ಅಡ್ಡ ಎರಡು ಎಳೆ, ನೆಟ್ಟಗೆ ಎರಡು ಎಳೆ, ಹೋದ ದಾರಿಯಲ್ಲೇ ದಾರ ಹಿಂದಕ್ಕೆ ಬರಬೇಕು, ಎಲ್ಲೂ ಗಂಟು ಇರಬಾರದು. ಬೆರಳು ತಾನಾಗಿಯೇ ಎಣಿಸುತ್ತಿತ್ತು. ಸರ್ ತಮ್ಮ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು.

"ಒಂದ ಎಳಿ ತಪ್ಪಿದ್ರ ಏನಾಕ್ಕೈತಿ?"

"ಹೊಳ್ಳಿ ಬರೂಮುಂದ ದಾರಿ ಕೂಡಂಗಿಲ್ರಿ."

"ಇಷ್ಟ ಎಣಿಕಿ ಬರೋ ನಿನಗ ಲೆಕ್ಕ ಯಾಕ ಬರಲಿಲ್ಲ?"

ನನಗೆ ಸಿಟ್ಟು ನೆತ್ತಿಗೇರಿತು. ಆನೆಯ ಕತೆಯನ್ನು ಒಂದು ಮಾತೂ ಬಿಡದೆ ಹೇಳಿಬಿಟ್ಟೆ. ಅವರಿಗೆ ಅದು ನೆನಪೇ ಇರಲಿಲ್ಲ. ನನ್ನ ಜೀವಮಾನದ ಅವಮಾನ ಅವರಿಗೆ ಒಂದು ಪಿರಿಯಡ್ಡಿನ ಮಾತಾಗಿತ್ತು. ಕಣ್ಣಲ್ಲಿ ನೀರು ಬಂತು, ಎದ್ದು ಬಂದುಬಿಟ್ಟೆ. ಮುಂದಿನ ರವಿವಾರ ಹೋಗಬಾರದೆಂದಿದ್ದೆ. ಶನಿವಾರವೇ ಸರ್ ಹೊಸದೊಂದು ಗ್ರಾಫ್ ಪುಸ್ತಕವನ್ನು ಕಿಟಕಿಯ ಕಂಡಿಯಿಂದ ಒಳಗೆ ತಳ್ಳಿದರು. "ಆ ಆನಿ ಇನ್ನೊಮ್ಮೆ ತಗದು ತೋರಸು." ಊಟದ ಹೊತ್ತಿನಲ್ಲಿ ಬರೆದು ಕೊಟ್ಟೆ. ಅವರು ಕಟ್ಟೆಯ ಮೇಲೆ ಕುಳಿತು ಪೆನ್ನಿನ ತುದಿಯಿಂದ ಒಂದೊಂದೇ ಮನೆ ಎಣಿಸಿದರು, ಸೊಂಡಿಲಿನಿಂದ ಬಾಲದವರೆಗೆ. "ಅಂಬಾರಿ ಎಡಕ್ಕ ಬಲಕ್ಕ ಒಂದ ಮನೀನೂ ಫರಕಿಲ್ಲ" ಎಂದರು. ಪುಸ್ತಕ ಮುಚ್ಚಿ, "ಅವತ್ತ ನಾನು ಆನಿ ಅಷ್ಟ ನೋಡಿದೆ. ಎಣಿಕಿ ನೋಡಲಿಲ್ಲ. ತಪ್ಪು ನಂದವಾ" ಎಂದರು. ಗಣಿತದ ಸರ್ ತಮ್ಮ ತಪ್ಪು ಒಪ್ಪಿಕೊಂಡದ್ದಕ್ಕೆ ಬಾಗೇವಾಡಿಯಲ್ಲಿ ನಾನೊಬ್ಬಳೇ ಸಾಕ್ಷಿ.

ಅದಾಗಿ ಕೆಲವು ದಿನಕ್ಕೆ ಬೆಳಿಗ್ಗೆ ಹನ್ನೊಂದರ ಹೊತ್ತು. ಕಿಟಕಿಯ ಮುಂದೆ ಮಂದಿಯೋ ಮಂದಿ. ಒಂದು ದಿನವೂ ಪಾಳಿ ಮುರಿಯದ ಮನುಷ್ಯ ಎಲ್ಲರನ್ನೂ ನೂಕಿಕೊಂಡು ಬಂದು ಕಂಡಿಗೆ ಮುಖವನ್ನೇ ಇಟ್ಟರು. "ಮಾತಾಡಿದ್ಲವಾ! ಅಕಿ ಮಾತಾಡಿದ್ಲು!"

"ಏನಂದ್ರಿ ಸರ್ ಕಾಕು?"

"ಬಿಚ್ಚು ಅಂದ್ಲು!"

ಪಾಳಿಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು. ಆಗಿದ್ದು ಇಷ್ಟು: ಮೂಲೆ ತಿರುಗಿಸುವಾಗ ಸರ್ ಒಂದು ಸುತ್ತು ತಪ್ಪಿ ಇನ್ನೊಂದು ಸುತ್ತಿಗೆ ಹೊಕ್ಕಿದ್ದರು. ಗೋಡೆ ನೋಡುತ್ತಿದ್ದ ಕಾಕು ಯಾವಾಗ ಹೊರಳಿದ್ದರೋ, ಯಾವಾಗಿನಿಂದ ನೋಡುತ್ತಿದ್ದರೋ. ಮಗಳು ಅತ್ತಾಗ ಬಾರದ ಮಾತು ಕೆಟ್ಟ ಹೊಲಿಗೆ ಕಂಡಾಗ ಬಂದಿತ್ತು. "ನಲವತ್ತ ವರ್ಷದಾಗ 'ರಿ' ಹಚ್ಚಲಾರದ ಮಾತಾಡಿದ್ದು ಇದ ಮೊದಲು" ಎಂದು ಸರ್ ಹೆಮ್ಮೆಯಿಂದ ಹೇಳಿಕೊಂಡರು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಕೌದಿ ಮುಂದಕ್ಕೆ ಹೋಗುವುದೇ ನಿಂತುಬಿಟ್ಟಿತು. ರವಿವಾರ ನನ್ನೆದುರಿಗೆ ಸರ್ ಹಾಕುವ ಹೊಲಿಗೆ ಅಕ್ಕಿಕಾಳು ಜೋಡಿಸಿದಂತೆ ಇರುತ್ತಿತ್ತು. ವಾರ ಬಿಟ್ಟು ಹೋದರೆ ಒಂದೋ ಎರಡೋ ಸಾಲು ಮಾತ್ರ ಹೆಚ್ಚಾಗಿರುತ್ತಿತ್ತು, ಪಕ್ಕದಲ್ಲಿ ಬಿಚ್ಚಿದ ದಾರದ ರಾಶಿ. ವಯಸ್ಸಾಯಿತು, ತಲೆಯಲ್ಲಿ ನಿಲ್ಲುವುದಿಲ್ಲ ಎಂದುಕೊಂಡೆ. ಒಂದು ಸಲ ಬಯ್ದದ್ದೂ ಉಂಟು. "ಕಲಿಸಿದ್ದು ಇಲ್ಲೇ ಬಿಟ್ಟು ಏಳ್ತೀರಿ ಸರ್ ನೀವು." ಅವರು ಬೈಗುಳವನ್ನು ಒಳ್ಳೆಯ ಹುಡುಗನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡರು.

ಒಂದು ರವಿವಾರ ಛತ್ರಿ ಮರೆತು ಅರ್ಧ ದಾರಿಯಿಂದ ವಾಪಸು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಸರ್ ಕೌದಿಯ ಮೇಲೆ ಬಗ್ಗಿ, ನಾಲಿಗೆ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಒಳ್ಳೆಯ ಸಾಲಿನ ನಡುವೆ ಮೂರು ಹೊಲಿಗೆಗಳನ್ನು ಬೇಕೆಂದೇ ಉದ್ದಕ್ಕೆ ಹಾಕಿದರು. ದೂರ ಹಿಡಿದು ನೋಡಿದರು. ಸಾಲದು ಎನಿಸಿತೇನೋ, ಇನ್ನೊಂದನ್ನು ಸಡಿಲ ಮಾಡಿದರು. ಆಮೇಲೆ ಕೆಮ್ಮಿ ಕೌದಿಯನ್ನು ಮಂಚದ ಹತ್ತಿರ ಜರುಗಿಸಿದರು.

"ನೋಡು, ಇವತ್ತ ಸರಿ ಬಂದೈತಿಲ್ಲ?"

ಕಾಕು ಎಡಗೈ ಊರಿ ಎದ್ದು ಕೂತರು. ಬೆರಳಿನಿಂದ ಸಾಲನ್ನು ಸವರಿದರು. "ಇದೇನ್ರೀ... ಕಾಗಿ... ಹೆಜ್ಜಿ. ಕಣ್ಣ ಎಲ್ಲಿ... ಇಟ್ಟಿದ್ರಿ? ಬಿಚ್ಚ್ರಿ!"

ಮಾತು ತಡವರಿಸುತ್ತಿದ್ದರೂ ಮುಖಕ್ಕೆ ಕಳೆ ಬಂದಿತ್ತು. ಸರ್ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಛತ್ರಿ ಕೊಡುವ ನೆಪದಲ್ಲಿ ಓಣಿಯ ತಿರುವಿನವರೆಗೂ ಬಂದರು.

"ಸರಿ ಹೊಲದ ದಿನ ಸುಮ್ಮನ ಮಕ್ಕೋತಾಳ. ತಪ್ಪಿದ ದಿನ ಎದ್ದು ಕುಂತು ಹತ್ತ ಮಾತಾಡ್ತಾಳ. ನಾ ಏನ ಮಾಡ್ಲಿ ಹೇಳು?"

"ದಿನಾ ತಪ್ಪು ಮಾಡ್ತೀರೇನ್ರಿ?"

"ಸುಮ್ಮನ ಮಾಡಂಗಿಲ್ಲ. ಪ್ರಶ್ನಪತ್ರಿಕಿ ತಗದಂಗ ತಗೀತೇನಿ. ಮೊದಲ ಸಸಾರದ್ದು, ದೂರಿಂದ ಕಾಣೂವಂಥಾವು. ಈಗ ಸಣ್ಣವು. ಬಗ್ಗಿ ನೋಡಬೇಕು, ಬೆರಳ ಆಡಸಬೇಕು, ಆವಾಗ ಸಿಗಬೇಕು. ಇವತ್ತಿನದು ಎಡಗೈಲೆ ಮುಟ್ಟಿ ಹಿಡದ್ಲು, ನೋಡಿದೆಲ್ಲ?"

ನಡುರಸ್ತೆಯಲ್ಲಿ ನಿಂತು ನಾನು ಆ ಮನುಷ್ಯನನ್ನೇ ನೋಡಿದೆ. ಹೋಟೆಲಿನ ಗಡಿಯಾರದ ತಪ್ಪು ತಾಳದವರು ದಿನಕ್ಕೊಂದು ತಪ್ಪನ್ನು ಅಳೆದು ತೂಗಿ ಹೊಲಿಯುತ್ತಿದ್ದರು. ಅವರ ಕಾಲಿಗೆ ಬೀಳಬೇಕೆನ್ನಿಸಿತು. ಓಣಿಯಲ್ಲಿ ಮಂದಿ ಇದ್ದರೆಂದು ಸುಮ್ಮನಾದೆ.

ಆ ವರ್ಷ ನನ್ನ ಮನೆಯೂ ಬದಲಾಯಿತು. ಹರಿದದ್ದನ್ನು ಬಿಸಾಕುವ ಕೈ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡತೊಡಗಿತು. ಮಗಳ ಹಳೆಯ ಸಮವಸ್ತ್ರ ಬುತ್ತಿಯ ಚೀಲವಾಯಿತು. ಕಿಟಕಿಯ ಪರದೆಗೆ ಇಲಿ ಕಚ್ಚಿದಲ್ಲಿ ತೇಪೆ ಹಾಕಿ ಮುಚ್ಚುವ ಬದಲು ಸುತ್ತ ಒಂದು ಕಮಲ ಎಳೆದೆ. ನೋಡಿದವರು ತೂತನ್ನು ಮರೆತು ಕಮಲದ ಲೆಕ್ಕ ಕೇಳಿದರು. ಊಟದ ಹೊತ್ತಿನಲ್ಲಿ ನಾನು ಸೂಜಿ ಹಿಡಿದು ಕುಳಿತರೆ ನರ್ಸುಗಳು ಸುತ್ತ ಸೇರಿ ತಮ್ಮ ತಮ್ಮ ಅಜ್ಜಿಯರ ಮಾತು ತೆಗೆಯುತ್ತಿದ್ದರು. ಅಡುಗೆಯಲ್ಲೂ, ರಂಗೋಲಿಯಲ್ಲೂ, ಮಗಳಿಗೆ ಮಗ್ಗಿ ಹೇಳಿಕೊಡುವಾಗಲೂ ನನಗೆ ಏನೋ ಹೊಸದು ಹೊಳೆಯುತ್ತಿತ್ತು. ಚೀಟಿ ಬರೆಯುವ ಕೆಲಸ ಹಾಗೇ ಇತ್ತು, ಆದರೆ ಬೆಳಿಗ್ಗೆ ಏಳುವಾಗ ಮೈ ಭಾರವಿರುತ್ತಿರಲಿಲ್ಲ. ಇದೆಲ್ಲ ಆ ಕೌದಿ ಕೊಟ್ಟದ್ದು. ಅಂದರೆ ಒಮ್ಮೆ ಸೂಜಿಯನ್ನು ನನ್ನಿಂದ ಕಸಿದುಕೊಂಡ ಕೈಯೇ ಕೊಟ್ಟದ್ದು.

ಸಂಕ್ರಾಂತಿಯ ಹೊತ್ತಿಗೆ ಕಾಕು ಎಡಗೈಯಲ್ಲೇ ದಾರ ಬಿಚ್ಚುತ್ತಿದ್ದರು. ಯುಗಾದಿಗೆ ಗೋಡೆ ಹಿಡಿದು ಅಡುಗೆಮನೆಯವರೆಗೂ ನಡೆದರು. ಮಾತು ಪೂರ್ತಿ ಮರಳಿತ್ತು, ಮರಳಿದ್ದು ಹೆಚ್ಚಾಗಿ ಗಂಡನನ್ನು ಬಯ್ಯುವುದಕ್ಕೆ. ಕೌದಿಯ ನಡುವೆ ಇನ್ನು ಅಂಗೈ ಅಗಲದಷ್ಟು ಜಾಗ ಉಳಿದಿತ್ತು. ದಾರ ಸಾಲದೆಂದು ಸರ್ ಸಿಂದಗಿಗೆ ಹೋಗಿ, ಕಾಕುವಿಗೆ ಬೇಕಾದ ದಪ್ಪದ ದಾರವನ್ನೇ ಹುಡುಕಿ ತಂದರು. ಬಂದವರು ಒಂದಿಷ್ಟು ಹೊಲಿದು, ಯಾಕೋ ದಣಿವಾಗಿದೆ ಎಂದು ಮಲಗಿದರಂತೆ. ಬೆಳಿಗ್ಗೆ ಏಳಲಿಲ್ಲ.

ಸರ್ ಅವರ ದಿವಸದ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕು ಹೇಳಿ ಕಳಿಸಿದರು. ಹೋದರೆ ಕೌದಿಯನ್ನು ನೆಲಕ್ಕೆ ಹಾಸಿಕೊಂಡು ಪಕ್ಕದಲ್ಲಿ ಕುಳಿತಿದ್ದರು. ತಟ್ಟೆಯಲ್ಲಿ ಒಂದು ಚೂರು ಚಪಾತಿ, ಒಂದು ಚೂರು ಬೆಲ್ಲ. ಕೌದಿಯ ನಡು ಮುಚ್ಚುವ ಮೊದಲು ಒಳಗೆ ತುಸು ತಿನಿಸು ಇಟ್ಟು ಅದರ ಹೊಟ್ಟೆ ತುಂಬಿಸುವುದು ಅವರ ತವರಿನ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ.

"ಬಾ. ನನ್ನ ಕೈ ಒಂದ ಸಾಲಂಗಿಲ್ಲ. ಇಬ್ಬರೂ ಕೂಡಿ ಮುಗಸೋಣ" ಎಂದರು.

ಸರ್ ಹೊಲಿದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಶುರುವಿನಲ್ಲಿ ಸರಿಯಿದ್ದದ್ದು ನಡುವೆ ಒಳಕ್ಕೆ ವಾಲಿ, ಹೊಲಿಗೆ ಒಂದು ಗಿಡ್ಡ ಒಂದು ಉದ್ದವಾಗಿ, ಹೇಗೋ ಮೂಲೆ ಮುಟ್ಟಿತ್ತು. ಅವರ ಆಟ ನನಗೆ ಗೊತ್ತಿತ್ತಲ್ಲ. ಕಾಕುವಿಗೆ ಗೊತ್ತಾಗದಿರಲಿ ಎಂದು ಏನೂ ಅರಿಯದವಳಂತೆ ಕತ್ತರಿ ತೆಗೆದುಕೊಂಡೆ. "ಈ ಸಾಲ ಬಿಚ್ಚಿ ಹಾಕಲೇನ್ರಿ ಕಾಕು?"

ಅವರು ಆ ಸಾಲಿನ ಮೇಲೆ ಎಡಗೈ ಅಂಗೈಯನ್ನು ಪೂರ್ತಿ ಹಾಸಿದರು.

"ಅದನ್ನ ಮುಟ್ಟಬ್ಯಾಡ. ಅದು ಬೇಕಂತ ಮಾಡಿದ್ದಲ್ಲ. ಖರೇ ತಪ್ಪು."

ಕತ್ತರಿ ಕೆಳಗಿಟ್ಟೆ. "ನಿಮಗ... ಗೊತ್ತಿತ್ತೇನ್ರಿ?"

"ನಲವತ್ತ ವರ್ಷ ಬಾಳೇವು ಮಾಡೇನಿ. ಅವರ ಆಟ ಯಾವುದು, ತಪ್ಪು ಯಾವುದು ತಿಳಿಯಂಗಿಲ್ಲೇನ ನನಗ? ದಿನಾ ಅಷ್ಟು ಕಷ್ಟಪಟ್ಟು ತಪ್ಪತಿದ್ರು, ನಾ ಬೈಲಿಲ್ಲಂದ್ರ ಅವರಿಗೆ ಹೆಂಗಾಗಬೇಕು?" ಎಂದರು. ಆಮೇಲೆ ಆ ಸಾಲನ್ನು ಬೆರಳಿನಿಂದ ನಿಧಾನವಾಗಿ ಸವರಿದರು. "ಅವತ್ತ ಕೈ ನಡಗಾಕತ್ತಿತ್ತು. ನೋಡಿದೆ. ಸರಿ ಬಂದೈತಿಲ್ಲ ಅಂತ ಕೇಳಿದ್ರು. ಚೊಲೋ ಬಂದೈತ್ರಿ ಅಂದೆ. ಬಿಚ್ಚ್ರಿ ಅನ್ನಲಿಲ್ಲ."

ಬೆಲ್ಲ, ಚಪಾತಿಯ ಚೂರನ್ನು ಅವರೇ ಒಳಗಿಟ್ಟರು. ನಾನು ಸೂಜಿಗೆ ಸಿಂದಗಿಯ ದಾರ ಪೋಣಿಸಿದೆ. ಕೌದಿಯಲ್ಲಿ ಒಂದು ಸುತ್ತು ಹೇಗೆ ಹೋಗಿದೆಯೋ ಅದರ ಒಳಗಿನ ಸುತ್ತೂ ಹಾಗೆಯೇ ಹೋಗಬೇಕು. ಸರ್ ವಾಲಿದಲ್ಲಿ ನಾವಿಬ್ಬರೂ ವಾಲಿದೆವು, ಅವರು ನೇರವಾದಲ್ಲಿ ನೇರವಾದೆವು, ನಡು ಮುಚ್ಚುವವರೆಗೂ.